ಗಂಟೆಯ ಬಾಡಿಗೆ ಒಂದು, ಕಂತಿನ ಖರ್ಚು ಇನ್ನೊಂದು

ಮೇ ತಿಂಗಳಲ್ಲಿ ನಾಗಪುರದ ಬಿಸಿಲು 45 ಡಿಗ್ರಿ ದಾಟಿದಾಗ ಕೂಲರ್ ನಿಲ್ಲಿಸಿ ಮನೆಯಲ್ಲಿ ಕೂರಲಾಗದು. ಕೂಲರ್ ಓಡುತ್ತಿದ್ದರೆ ಮೈಕಿನಲ್ಲಿ ಮಾತಿಗಿಂತ ಅದರ ಸದ್ದೇ ಹೆಚ್ಚು. ಇಲ್ಲೇ ನೆಲೆಸಿದ ನಮ್ಮ ಕನ್ನಡ ಬಳಗದ ಹಿರಿಯರ ನೆನಪುಗಳನ್ನು ಅವರವರ ಊರಿನ ಮಾತಿನಲ್ಲೇ ಪಾಡ್‌ಕಾಸ್ಟ್ ಮಾಡಿ ಉಳಿಸೋಣವೆಂದು ಹೊರಟ ನಾನು ಸ್ಟುಡಿಯೋಗಳ ದರ ವಿಚಾರಿಸಿದ್ದು ಅದಕ್ಕೇ. ಕೈಯಲ್ಲಿದ್ದದ್ದು ಎಲ್ಲರೂ ಸೇರಿಸಿದ ವಂತಿಗೆ. ಹಿರಿಯರಿಗೆ ಎಂಬತ್ತು ದಾಟಿದೆ, ಮುಂದಿನ ವರ್ಷ ನೋಡೋಣ ಎನ್ನುವಂತಿಲ್ಲ.

ಸ್ಟುಡಿಯೋದವರು ಮೊದಲು ಹೇಳುವುದು ಗಂಟೆಯ ಬಾಡಿಗೆ. ನಾವು ಕೇಳಬೇಕಾದದ್ದು ಅದರಾಚೆಗೆ ಇದೆ. ಗಂಟೆಯ ಲೆಕ್ಕ ಒಳಗೆ ಕಾಲಿಟ್ಟಾಗಿನಿಂದಲೋ, ರೆಕಾರ್ಡಿಂಗ್ ಶುರುವಾದಾಗಿನಿಂದಲೋ? ಕನಿಷ್ಠ ಎಷ್ಟು ಗಂಟೆ ಬುಕ್ ಮಾಡಬೇಕು? ಎಷ್ಟು ಮೈಕು ಕೊಡುತ್ತಾರೆ? ಸೌಂಡ್ ಎಂಜಿನಿಯರ್ ಸಂಬಳ ಸೇರಿದೆಯೇ? ಕ್ಯಾಮೆರಾ ಬೇಕೆಂದರೆ ಲೈಟು, ಆಪರೇಟರ್, ವಿಡಿಯೋ ಎಡಿಟಿಂಗ್ ಎಲ್ಲವೂ ಹಿಂದೆಯೇ ಬರುತ್ತವೆ. ನಮಗೆ ಬೇಕಿದ್ದದ್ದು ದನಿ ಮಾತ್ರ, ಹಾಗಾಗಿ ಕ್ಯಾಮೆರಾ ಬಿಟ್ಟೆವು.

ಲೆಕ್ಕಕ್ಕೆ ಗಂಟೆಗೆ 1000 ರೂಪಾಯಿ, ಕನಿಷ್ಠ ಎರಡು ಗಂಟೆ ಎಂದಿಟ್ಟುಕೊಳ್ಳಿ. ಬಾಡಿಗೆ 2000, ಶೇ 18 ಜಿಎಸ್‌ಟಿ 360, ಒಟ್ಟು 2360. ಒಂದೇ ಕಂತು ಮಾಡಿ ಎದ್ದರೆ ಅಷ್ಟೂ ಅದರ ತಲೆಗೆ. ಮೈಕು ಹೊಂದಿಸಲು 20 ನಿಮಿಷ ಬಿಟ್ಟು, ಅರ್ಧರ್ಧ ಗಂಟೆಯ ಮೂರು ಕಂತು ಮುಗಿಸಿದರೆ ಕಂತಿಗೆ ಸುಮಾರು 787 ರೂಪಾಯಿ. ಪ್ರಶ್ನೆಗಳನ್ನು ಮನೆಯಲ್ಲೇ ಬರೆದುಕೊಂಡು ಹೋದರೆ ಉಳಿಯುವ ಹಣ ಇದು.

ಹೊರನಾಡಿನಲ್ಲಿ ನಮಗೆ ಇನ್ನೊಂದು ತೊಡಕಿದೆ. ಮರಾಠಿ, ಹಿಂದಿ ಬಲ್ಲ ಎಡಿಟರ್‌ಗೆ ಕನ್ನಡದ ವಾಕ್ಯ ಎಲ್ಲಿ ಮುಗಿಯಿತು, ಅಜ್ಜಿ ಎಲ್ಲಿ ತಡವರಿಸಿದರು, ಎಲ್ಲಿ ಬೇಕೆಂದೇ ಸುಮ್ಮನಾದರು ಎಂಬುದು ತಿಳಿಯುವುದು ಕಷ್ಟ. ಪಕ್ಕದಲ್ಲಿ ಕೂತು ನಾವೇ ಹೇಳಬೇಕು, ಆ ಹೊತ್ತಿಗೂ ಬಿಲ್ ಏರುತ್ತದೆ. ಅದಕ್ಕೇ ನಾವು ಕೋಣೆ, ಮೈಕು, ಎಂಜಿನಿಯರ್ ಇಷ್ಟಕ್ಕೇ ದುಡ್ಡು ಕೊಟ್ಟು, ಪ್ರತಿಯೊಬ್ಬರ ದನಿಯನ್ನೂ ಬೇರೆ ಬೇರೆ ಟ್ರ್ಯಾಕ್ ಆಗಿ ಪಡೆದೆವು. ಕತ್ತರಿಸುವ ಕೆಲಸ ಮನೆಯಲ್ಲಿ, ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿ. 48 ಕಿಲೋಹರ್ಟ್ಸ್, 24 ಬಿಟ್‌ನ ಇಬ್ಬರ ಒಂದು ಗಂಟೆಯ ಮಾತು ಒಂದು ಜಿಬಿ ಚಿಲ್ಲರೆ ಜಾಗ ಹಿಡಿಯುತ್ತದೆ. ಪೆನ್‌ಡ್ರೈವ್ ಜೊತೆಗಿರಲಿ.

ನಿಮ್ಮೂರಿನಲ್ಲೂ ಇಂಥ ಕೆಲಸಕ್ಕೆ ಹೊರಟಿದ್ದರೆ ಕನಿಷ್ಠ ಅವಧಿ, ಹೆಚ್ಚುವರಿ ಸಮಯದ ದರ, ಮೂಲ ಫೈಲು, ತೆರಿಗೆ ಈ ನಾಲ್ಕನ್ನು ಮುಂಗಡ ಕೊಡುವ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಅಜ್ಜ ಕತೆಯ ನಡುವೆ ಇರುವಾಗ ಗಡಿಯಾರ ನೋಡುವ ಪಾಡು ಯಾರಿಗೂ ಬೇಡ.