ಬಿಂದುವಿನ ಬಲಗಡೆಯ ನ್ಯಾಯ

ಸಂತೆಯ ವ್ಯಾಪಾರದಲ್ಲಿ ‘ಕೊಸರು’ ಎಂಬುದೊಂದುಂಟು. ತೂಕ ಮುಗಿದ ಮೇಲೆ ಮಾರುವವರು ಒಂದು ಹಿಡಿ ಹೆಚ್ಚಿಗೆ ಹಾಕುತ್ತಾರೆ. ತಕ್ಕಡಿಯ ಸಣ್ಣಪುಟ್ಟ ಏರುಪೇರು ಅಲ್ಲಿಗೆ ಪರಿಹಾರವಾಗುತ್ತದೆ. ಗಣಕಯಂತ್ರ ಕೊಸರು ಅರಿಯದು. ದಶಮಾಂಶ ಬಿಂದುವಿನ ಬಲಗಡೆ ಎಷ್ಟು ಅಂಕಿ ಇರಬೇಕು, ಉಳಿದದ್ದನ್ನು ಏನು ಮಾಡಬೇಕು ಎಂಬುದನ್ನು ಯಾರಾದರೂ ಅದಕ್ಕೆ ಮೊದಲೇ ವಿಧಿಸಿರಬೇಕು.

ವ್ಯಾಪಾರಿಗಳ ಲೆಕ್ಕಪತ್ರ ಹಾಗೂ ದಾಸ್ತಾನಿನ ತಂತ್ರಾಂಶ ರೂಪಿಸುವ ವೃತ್ತಿಯಲ್ಲಿರುವ ನನಗೆ ಗ್ರಾಹಕರಿಂದ ಪದೇ ಪದೇ ಎದುರಾಗುವ ಬೇಡಿಕೆಯೊಂದಿದೆ: ‘ಪ್ರಮಾಣದ ಕಾಲಂನಲ್ಲಿ ಎರಡು ದಶಮಾಂಶ ಸ್ಥಾನ ಸಾಲದು, ನಾಲ್ಕು ಕೊಡಿ’. ಕೇಳಿದವರಿಗೆ ಇದು ಅರ್ಧ ತಾಸಿನ ಕೆಲಸ. ಆದರೆ ಈ ಬೇಡಿಕೆಯ ಹಿಂದೆ ಇರುವ ನಿಜವಾದ ಪ್ರಶ್ನೆ ಅಂಕಿಗಳದ್ದಲ್ಲ. ಉಳಿಕೆ ಯಾರ ಪಾಲಿಗೆ ಸೇರಬೇಕು ಎಂಬುದು.

ಬೇಡಿಕೆ ನ್ಯಾಯವಾಗಿರುವ ಸಂದರ್ಭಗಳೂ ಇವೆ. ಚಿನ್ನದ ಬೆಲೆ ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಂಡರೆ ಒಂದು ಮಿಲಿಗ್ರಾಂಗೆ 10 ರೂಪಾಯಿ. ಎರಡೇ ಸ್ಥಾನದ ತಂತ್ರಾಂಶ 9 ಮಿಲಿಗ್ರಾಂವರೆಗಿನ ಚಿನ್ನವನ್ನು ನುಂಗಬಲ್ಲದು. ಆಭರಣದಂಗಡಿಯವರು ಮೂರನೆಯ ಸ್ಥಾನ ಕೇಳಿದರೆ ಅದು ಅತಿರೇಕವಲ್ಲ.

ಹಾಲಿನ ಡೇರಿಯ ಉದಾಹರಣೆ ಇನ್ನೂ ಮಹತ್ವದ್ದು. ರೈತ ಮಹಿಳೆಯೊಬ್ಬರು 4.267 ಲೀಟರ್ ಹಾಲು ಹಾಕುತ್ತಾರೆ. ತಂತ್ರಾಂಶ ಒಂದೇ ಸ್ಥಾನ ಉಳಿಸಿಕೊಂಡು ಮಿಕ್ಕದ್ದನ್ನು ಕತ್ತರಿಸಿದರೆ ಲೆಕ್ಕಕ್ಕೆ ಬರುವುದು 4.2 ಲೀಟರ್. ಹೀಗೆ ಕತ್ತರಿಸಿದಾಗ ಪ್ರತಿಸಲ ಸರಾಸರಿ ಸುಮಾರು 50 ಮಿಲಿಲೀಟರ್ ಹೋಗುತ್ತದೆ. ದಿನಕ್ಕೆರಡು ಹೊತ್ತಿನಂತೆ ವರ್ಷಕ್ಕೆ 730 ಸಲ. ನಷ್ಟ ಸುಮಾರು 36 ಲೀಟರ್. ಯಾರೂ ಕದ್ದಿಲ್ಲ, ಆದರೂ ಹಾಲು ಹೋಗಿದೆ. ಗಮನಿಸಬೇಕಾದದ್ದು, ಅದೇ ಒಂದು ಸ್ಥಾನವನ್ನು ಇಟ್ಟುಕೊಂಡೇ ಸಮೀಪದ ಅಂಕಿಗೆ ಪೂರ್ಣಗೊಳಿಸಿದ್ದರೆ ಒಂದು ದಿನದ ನಷ್ಟ ಮತ್ತೊಂದು ದಿನದ ಲಾಭದಿಂದ ಬಹುಮಟ್ಟಿಗೆ ಸರಿಹೋಗುತ್ತಿತ್ತು. ದೋಷವಿರುವುದು ಸ್ಥಾನಗಳ ಸಂಖ್ಯೆಯಲ್ಲಿ ಮಾತ್ರವಲ್ಲ, ಕತ್ತರಿಸುವ ನಿಯಮದಲ್ಲಿ.

ಕೆನಡಾದ ವ್ಯಾಂಕೂವರ್ ಷೇರು ವಿನಿಮಯ ಕೇಂದ್ರ ಈ ಪಾಠವನ್ನು ದುಬಾರಿಯಾಗಿ ಕಲಿಯಿತು. 1982ರ ಜನವರಿಯಲ್ಲಿ 1,000 ಅಂಶಗಳಿಂದ ಆರಂಭವಾದ ಅದರ ಸೂಚ್ಯಂಕವನ್ನು ಮೂರು ದಶಮಾಂಶ ಸ್ಥಾನಗಳವರೆಗೆ ಲೆಕ್ಕ ಹಾಕಲಾಗುತ್ತಿತ್ತು. ಆದರೆ ಪ್ರತಿ ಲೆಕ್ಕದಲ್ಲೂ ಮಿಕ್ಕ ಅಂಕಿಗಳನ್ನು ಕತ್ತರಿಸಲಾಗುತ್ತಿತ್ತು. ದಿನಕ್ಕೆ ಸಾವಿರಾರು ಬಾರಿ ನಡೆದ ಈ ಕತ್ತರಿಯಿಂದಾಗಿ 1983ರ ನವೆಂಬರ್ ವೇಳೆಗೆ ಸೂಚ್ಯಂಕ 524ರ ಆಸುಪಾಸಿಗೆ ಕುಸಿದಿತ್ತು. ತಪ್ಪು ತಿದ್ದಿದಾಗ ಅದು 1,098ಕ್ಕೆ ಮರಳಿತು. ಮೂರು ಸ್ಥಾನಗಳಿದ್ದೂ ಅರ್ಧ ಸೂಚ್ಯಂಕವೇ ಮಾಯವಾಗಿತ್ತು.

ಇನ್ನು ಕೆಲವು ಕಡೆ ದಶಮಾಂಶ ಕೇಳುವುದೇ ತಪ್ಪು ಮದ್ದು. ಔಷಧದಂಗಡಿಯಲ್ಲಿ 15 ಮಾತ್ರೆಗಳ ಒಂದು ಸ್ಟ್ರಿಪ್ ಇದೆ; ದಾಸ್ತಾನು ಸ್ಟ್ರಿಪ್ ಲೆಕ್ಕದಲ್ಲಿದೆ. ಒಂದು ಮಾತ್ರೆ ಮಾರಿದರೆ ತಂತ್ರಾಂಶ 0.07 ಸ್ಟ್ರಿಪ್ ಕಳೆಯುತ್ತದೆ. ಹದಿನೈದೂ ಮಾರಾಟವಾದಾಗ ಕಳೆದದ್ದು 1.05, ದಾಸ್ತಾನು ಸೊನ್ನೆಗಿಂತ ಕೆಳಗಿಳಿದಿರುತ್ತದೆ. ನಾಲ್ಕು ಸ್ಥಾನ ಕೊಟ್ಟರೆ 0.0667ರಂತೆ 1.0005. ತಪ್ಪು ಸಣ್ಣದಾಯಿತೇ ಹೊರತು ಹೋಗಲಿಲ್ಲ. ಹದಿನೈದನೇ ಒಂದು ಭಾಗ ದಶಮಾಂಶದಲ್ಲಿ ಎಂದೂ ಮುಗಿಯುವುದಿಲ್ಲ. ಇಲ್ಲಿ ಪರಿಹಾರ ಸರಳ: ದಾಸ್ತಾನನ್ನು ಮಾತ್ರೆಗಳ ಲೆಕ್ಕದಲ್ಲೇ ಇಡಬೇಕು, ಸ್ಟ್ರಿಪ್ ಎಂಬುದು ಬಿಲ್ಲಿನ ಅನುಕೂಲಕ್ಕಷ್ಟೇ ಇರಬೇಕು.

ತಕ್ಕಡಿಗೂ ತನ್ನದೇ ಮಿತಿಯಿದೆ. ಐದೈದು ಗ್ರಾಂಗಳ ಹಂತದಲ್ಲಿ ತೂಗುವ ಯಂತ್ರವನ್ನಿಟ್ಟುಕೊಂಡು ಕಿಲೋಗ್ರಾಂನ ನಾಲ್ಕನೆಯ ದಶಮಾಂಶ ಕೇಳುವುದು ಗಡಿಯಾರದಲ್ಲಿ ನಿಮಿಷದ ಮುಳ್ಳಷ್ಟೇ ಇರುವಾಗ ಸೆಕೆಂಡು ಕೇಳಿದಂತೆ. ಅಂಥ ಅಂಕಿಗೆ ನಿಖರತೆಯ ವೇಷವಿರುತ್ತದೆ, ನಿಖರತೆ ಇರುವುದಿಲ್ಲ.

ಬದಲಾವಣೆಗೂ ಬೆಲೆಯುಂಟು. ನಿನ್ನೆ 0.07 ಎಂದು ದಾಖಲಾದದ್ದು ನಾಳೆ 0.0700 ಆದೀತೇ ವಿನಾ 0.0667 ಆಗದು. ಹಳೆಯ ವಹಿವಾಟನ್ನು ಹೊಸ ನಿಯಮದಂತೆ ಮತ್ತೆ ಲೆಕ್ಕ ಹಾಕಿದರೆ ಲೆಕ್ಕಪರಿಶೋಧನೆ ಮುಗಿದ ವರ್ಷಗಳ ಶಿಲ್ಕೇ ಬದಲಾದೀತು. ಹೊರಗಿನ ವ್ಯವಸ್ಥೆಗಳದ್ದೂ ಕಟ್ಟಳೆಯಿದೆ: ಜಿಎಸ್‌ಟಿ ಇ-ಇನ್‌ವಾಯ್ಸ್‌ನ ನಮೂನೆಯಲ್ಲಿ ಪ್ರಮಾಣಕ್ಕಿರುವುದು ಮೂರೇ ದಶಮಾಂಶ ಸ್ಥಾನ. ಅಂಗಡಿಯ ಕಡತದಲ್ಲಿ ನಾಲ್ಕು, ಸರ್ಕಾರದ ಕಡತದಲ್ಲಿ ಮೂರು ಎಂದಾದರೆ ತಾಳೆ ಹಾಕುವವರ ಪಾಡೇನು?

ಆದ್ದರಿಂದ ಬೇಡಿಕೆ ಬಂದಾಗ ತಂತ್ರಾಂಶ ನೀಡುವವರು ಕೂಡಲೇ ಒಪ್ಪುವುದೂ ಸಲ್ಲದು, ‘ಆಗದು’ ಎಂದು ಅಟ್ಟುವುದೂ ಸಲ್ಲದು. ನಿಮ್ಮ ತಕ್ಕಡಿ ಎಷ್ಟು ಸೂಕ್ಷ್ಮವಾಗಿ ತೂಗುತ್ತದೆ, ನೀವು ಬಿಡಿಯಾಗಿ ಮಾರುವ ಅತಿ ಸಣ್ಣ ಘಟಕ ಯಾವುದು, ವ್ಯತ್ಯಾಸ ಈಗ ಯಾರ ತಲೆಗೆ ಬೀಳುತ್ತಿದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಸ್ಥಾನ ಹೆಚ್ಚಿಸುವುದೇ ಸರಿಯೆಂದಾದರೆ ಎಲ್ಲ ಸರಕಿಗೂ ಒಂದೇ ಕಟ್ಟಳೆ ಬೇಡ. ಚಿನ್ನಕ್ಕೆ ಮೂರು, ತೆಂಗಿನಕಾಯಿಗೆ ಸೊನ್ನೆ ಎಂದು ಸರಕಿಗೆ ತಕ್ಕಂತೆ ನಿಗದಿಪಡಿಸಬೇಕು.

ಎಲ್ಲಕ್ಕಿಂತ ಮಿಗಿಲಾಗಿ, ಉಳಿಕೆಯ ನಿಯಮ ಬರಹದಲ್ಲಿರಬೇಕು. 2017ರ ಕೇಂದ್ರೀಯ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 170ನೇ ಸೆಕ್ಷನ್, ತೆರಿಗೆಯ ಮೊತ್ತದಲ್ಲಿ 50 ಪೈಸೆ ಅಥವಾ ಹೆಚ್ಚಿದ್ದರೆ ರೂಪಾಯಿಗೆ ಏರಿಸಿ, ಕಡಿಮೆಯಿದ್ದರೆ ಕೈಬಿಡಿ ಎಂದು ಸ್ಪಷ್ಟವಾಗಿ ಹೇಳುತ್ತದೆ. ರೈತರ ಹಾಲಿಗೆ, ಗ್ರಾಹಕರ ಚಿನ್ನಕ್ಕೆ ಅಷ್ಟೇ ಸ್ಪಷ್ಟ ಮಾತು ಬೇಡವೇ? ಕೊಸರು ಹಾಕುವ ಕೈ ಯಂತ್ರಕ್ಕಿಲ್ಲದಿರುವಾಗ, ಬಿಂದುವಿನ ಬಲಗಡೆ ನ್ಯಾಯ ಉಳಿಯುವಂತೆ ನೋಡಿಕೊಳ್ಳುವ ಹೊಣೆ ಅದಕ್ಕೆ ನಿಯಮ ಬರೆಯುವವರದ್ದೇ.