ನಮ್ಮ ಕೋಳಿಗಳನ್ನು ಕಾಪಾಡುವುದು ಹೇಗೆ?



ನಮ್ಮ ಅರಳಸುರಳಿ ಕಡೆ ಹಿತ್ತಲು ದಾಟಿದರೆ ತೋಟ, ತೋಟ ದಾಟಿದರೆ ಕಾಡು. ಆದ್ದರಿಂದ ಕೋಳಿ ಸಾಕುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಹೋದ ಮಳೆಗಾಲದಲ್ಲಿ ನಮ್ಮ ಕೆಂಪು ಹ್ಯಾಟೆ 11 ಮೊಟ್ಟೆಗೆ ಕಾವು ಕೂತು, 21ನೇ ದಿನಕ್ಕೆ 9 ಹೂಮರಿ ಮಾಡಿತು. ನಮ್ಮ ಮನೆಯಲ್ಲಿ ಅಡಿಕೆ ದುಡ್ಡು ಅಪ್ಪನದು, ಕೋಳಿ ದುಡ್ಡು ಅಮ್ಮನದು. ನನ್ನ ನೋಟ್‌ಬುಕ್ಕು, ತಮ್ಮನ ಚಪ್ಪಲಿ ಎಲ್ಲ ಬರುವುದು ಅದರಿಂದಲೇ. ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಒಡ್ಡಿ ಬಾಗಿಲು ತೆರೆದಿತ್ತು. ಹ್ಯಾಟೆ ಇಲ್ಲ, 6 ಮರಿ ಇಲ್ಲ. ಉಳಿದ ಮೂರು ಮರಿ ಸೌದೆ ರಾಶಿಯ ಸಂದಿಯಲ್ಲಿ ಚಿಂವ್ ಚಿಂವ್ ಅಂತಿದ್ದವು. ಅಮ್ಮ ಏನೂ ಮಾತಾಡದೆ ಕೊಟ್ಟಿಗೆಗೆ ಹೋದರು. ಅವತ್ತಿನಿಂದ ನಾನು ದೊಡ್ಡವರನ್ನು ಕೇಳಿ, ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕಳ್ಳ ಯಾರು ಅಂತ ತಿಳಿಯಬೇಕು. ಹಗಲು ಬರುವವರು ಬೇರೆ, ರಾತ್ರಿ ಬರುವವರು ಬೇರೆ. ಮುಂಗುಸಿ, ಹದ್ದು, ಗಿಡುಗ, ಕಾಗೆ, ಉಡ ಇವೆಲ್ಲ ಹಗಲಿನವು. ಕಾಡುಬೆಕ್ಕು, ಪುನುಗು ಬೆಕ್ಕು, ನರಿ ಹೆಚ್ಚಾಗಿ ಕತ್ತಲಾದ ಮೇಲೆ ಓಡಾಡುತ್ತವೆ. ನಾಗರಹಾವಿಗೂ ಬೀದಿನಾಯಿಗೂ ಹೊತ್ತು ಗೊತ್ತು ಅಂತ ಇಲ್ಲ. ಗುರುತು ನೋಡಿದರೆ ಸ್ವಲ್ಪ ಅಂದಾಜು ಸಿಗುತ್ತದೆ. ಮೊಟ್ಟೆ ಸಿಪ್ಪೆಯೂ ಇಲ್ಲದೆ ಮಾಯವಾದರೆ ಹಾವು ಇರಬಹುದು, ಯಾಕೆಂದರೆ ಅದು ಇಡೀ ಮೊಟ್ಟೆ ನುಂಗುತ್ತದೆ. ಒಡೆದ ಸಿಪ್ಪೆ ಅಲ್ಲೇ ಬಿದ್ದಿದ್ದರೆ ಮುಂಗುಸಿಯೋ ಕಾಗೆಯೋ ಬಂದಿರಬಹುದು. ನಾಲ್ಕೈದು ಕೋಳಿ ಕೊಂದು, ತಿನ್ನದೆ ಬಿಟ್ಟು ಹೋಗಿದ್ದರೆ ನಾಯಿ ಮೇಲೆ ಅನುಮಾನ ಪಡಬೇಕು.

ಕೋಳಿಗೆ ರಾತ್ರಿ ಕಣ್ಣು ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಕಾಡುಕೋಳಿಗಳು ಸಂಜೆಯಾದ ಕೂಡಲೇ ಮರ ಹತ್ತಿ ಕೂರುತ್ತವೆ. ನಮ್ಮ ನಾಟಿಕೋಳಿಗೂ ಆ ಬುದ್ಧಿ ಇದೆ. ಇವೆರಡೂ ನೆಂಟರೇ. ಸಾಕುಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿ. ಆದರೆ ಅದರ ಹಳದಿ ಕಾಲಿನ ಗುಣ ನಮ್ಮ ಪಶ್ಚಿಮಘಟ್ಟದಲ್ಲೂ ಇರುವ ಬೂದು ಕಾಡುಕೋಳಿಯಿಂದ ಬಂದದ್ದು ಅಂತ 2008ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿ ಮಾಡಿದ ಗಿರಿರಾಜ ತಳಿಯ ಕೋಳಿಗಳು ದಪ್ಪ, ಮೈ ಭಾರ. ನಾಟಿಕೋಳಿ ಹಾಗೆ ಪುರ್ರನೆ ಹಾರಿ ತಪ್ಪಿಸಿಕೊಳ್ಳುವುದು ಅವಕ್ಕೆ ಕಷ್ಟ. ಅಂಥ ಕೋಳಿ ಇರುವವರಿಗೆ ಒಡ್ಡಿ ಗಟ್ಟಿ ಇರಲೇಬೇಕು.

ಒಡ್ಡಿಯನ್ನು ನೆಲದಿಂದ ಎರಡು ಅಡಿ ಎತ್ತರದಲ್ಲಿ ಕಟ್ಟಿದರೆ ಒಳ್ಳೆಯದು. ಮಳೆಗಾಲದ ಥಂಡಿಯೂ ತಟ್ಟುವುದಿಲ್ಲ. ಅಡಿಕೆ ದಬ್ಬೆ ಬಡಿಯುವಾಗ ಸಂದಿ ಬಿಡಬಾರದು. ಮುಂಗುಸಿಗೆ ತಲೆ ತೂರಿದರೆ ಮೈಯೂ ತೂರುತ್ತದೆ. ಗಾಳಿಗೆ ಬಿಟ್ಟ ಜಾಗಕ್ಕೆ ಅರ್ಧ ಇಂಚು ಕಣ್ಣಿನ ಗಟ್ಟಿ ತಂತಿ ಜಾಲರಿ ಹೊಡೆಯಬೇಕು. ಅಗಲ ಕಣ್ಣಿನ ತೆಳು ಬಲೆ ಕೋಳಿಯನ್ನು ಒಳಗೆ ಇಡುತ್ತದೆಯೇ ಹೊರತು ಕಳ್ಳನನ್ನು ಹೊರಗೆ ಇಡುವುದಿಲ್ಲ. ಒಡ್ಡಿ ನೆಲದ ಮೇಲೇ ಇದ್ದರೆ ಜಾಲರಿಯನ್ನು ಒಂದು ಅಡಿ ಮಣ್ಣೊಳಗೆ ಹೂಳಬೇಕು, ಇಲ್ಲದಿದ್ದರೆ ಕೆರೆದು ಒಳಗೆ ಬರುತ್ತವೆ. ಸುತ್ತ ಪೊದೆ ಸವರಿ ಬಯಲು ಮಾಡಬೇಕು. ರಾತ್ರಿ ಅಕ್ಕಿ ನುಚ್ಚು ಚೆಲ್ಲಿ ಬಿಡಬಾರದು. ನುಚ್ಚಿಗೆ ಇಲಿ ಬರುತ್ತದೆ, ಇಲಿ ಹಿಂದೆ ಹಾವು ಬರುತ್ತದೆ. ಕತ್ತಲಲ್ಲಿ ಗೂಡಿಗೆ ಕೈ ಹಾಕಿ ಮೊಟ್ಟೆ ತೆಗೆಯಲೇಬೇಡಿ! ಬ್ಯಾಟರಿ ಬಿಟ್ಟು ನೋಡಿ, ಆಮೇಲೆ ತೆಗೆಯಿರಿ.

ಹೂಮರಿಗಳನ್ನು ಮೊದಲ ಕೆಲವು ವಾರ ತಾಯಿ ಜೊತೆ ದೊಡ್ಡ ಕುಕ್ಕೆ ಮುಚ್ಚಿ ಅಂಗಳದಲ್ಲೇ ಇಡಬೇಕು. ಕುಕ್ಕೆ ಮೇಲೆ ಕಲ್ಲು ಹೇರಬೇಕು. ಹೊರಗೆ ಬಿಟ್ಟಾಗ ಮಲ್ಲಿಗೆ ಚಪ್ಪರವೋ ದಾಸವಾಳದ ಗಿಡವೋ ಹತ್ತಿರ ಇದ್ದರೆ, ಹದ್ದು ಕಂಡಾಗ ತಾಯಿ ಕೂಗಿದ ಕೂಡಲೇ ಮರಿಗಳು ಅದರಡಿ ಓಡಿ ಸೇರುತ್ತವೆ.

ನಮ್ಮ ಕೋಳಿ ಹೋದಾಗ ಒಬ್ಬರು, "ಎಂತ ಯೋಚನೆ ಮಾಡ್ತೀರಿ ಮಾರಾಯ್ರೇ, ಮೊಟ್ಟೆಗೆ ವಿಷ ಹಾಕಿ ಇಡಿ" ಅಂದರು. ಅಪ್ಪ ಒಪ್ಪಲಿಲ್ಲ. ವಿಷ ಇಟ್ಟರೆ ಅದನ್ನು ಕಾಡುಬೆಕ್ಕೇ ತಿನ್ನುತ್ತದೆ ಅಂತ ಏನು ಗ್ಯಾರಂಟಿ? ನಮ್ಮನೆ ನಾಯಿ ತಿಂದರೆ? ಮುಂಗುಸಿ, ಕಾಡುಬೆಕ್ಕು, ಉಡ, ನಾಗರಹಾವು ಇವನ್ನೆಲ್ಲ ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧವೂ ಹೌದು. ಗದ್ದೆಯ ಇಲಿ ತಿಂದು ನಮ್ಮ ಭತ್ತ ಉಳಿಸುವವರೂ ಇವರೇ ತಾನೇ?

ಇನ್ನೊಂದು ಮಾತು ಹೇಳಬೇಕು. ಆ ರಾತ್ರಿ ಒಡ್ಡಿಗೆ ಅಗಳಿ ಹಾಕುವ ಪಾಳಿ ನನ್ನದು. ಜೋರು ಮಳೆ, ಕರೆಂಟೂ ಇರಲಿಲ್ಲ. ಉದಾಸೀನ ಮಾಡಿ ಬಾಗಿಲು ಸುಮ್ಮನೆ ದೂಡಿ ಬಂದೆ. "ಅಗಳಿ ಹಾಕಿದ್ಯೇನೇ?" ಅಂತ ಅಮ್ಮ ಕೇಳಿದ್ದಕ್ಕೆ "ಹ್ಞೂಂ" ಅಂದೆ. ಬೆಳಿಗ್ಗೆ ತಮ್ಮನೇ ಆಡುತ್ತಾ ತೆಗೆದಿರಬೇಕು ಅಂತ ಅವನಿಗೆ ಬೈಗುಳ ಬಿತ್ತು. ನಾನು ಸುಮ್ಮನಿದ್ದೆ. ಮೂರು ದಿನ ಅನ್ನ ಸೇರಲಿಲ್ಲ. ಆಮೇಲೆ ಅಮ್ಮನ ಹತ್ತಿರ ಹೇಳಿಬಿಟ್ಟೆ. ಅಮ್ಮ ಬೈಯಲಿಲ್ಲ. "ತಮ್ಮನ ಹತ್ರನೂ ಹೇಳು" ಅಂದರು. ಹೇಳಿದೆ.

ಉಳಿದ ಮೂರು ಮರಿಯಲ್ಲಿ ಒಂದು ಈಗ ಮೊಟ್ಟೆ ಇಡುತ್ತಿದೆ. ಅಗಳಿ ದಿನಾ ನಾನೇ ಹಾಕುತ್ತೇನೆ, ತಮ್ಮ ಬಂದು ಎಳೆದು ನೋಡುತ್ತಾನೆ. ಗೆಳೆಯರೇ, ಕಾಡುಬೆಕ್ಕು ತನ್ನ ಹೊಟ್ಟೆಪಾಡು ನೋಡಿಕೊಂಡಿತು. ಬಾಗಿಲು ಹಾಕುವುದು ನಮ್ಮ ಕೆಲಸ. ಇವತ್ತು ಸಂಜೆ ನಿಮ್ಮ ಮನೆ ಒಡ್ಡಿಯ ಅಗಳಿಯನ್ನೂ ಒಮ್ಮೆ ಎಳೆದು ನೋಡಿ.

ಇಂತಿ ನಿಮ್ಮ ಸಹಪಾಠಿ,
8ನೇ ತರಗತಿ