ಕೊನೆಯ ದೃಶ್ಯದಲ್ಲಿ ಮೊದಲ ಊಟ!

ಚಿತ್ರ ಮುಗಿದು ಹೆಸರುಗಳು ಓಡತೊಡಗಿದರೆ ನಾವು ಆಗಲೇ ಚಪ್ಪಲಿ ಹುಡುಕುತ್ತಿರುತ್ತೇವೆ. ಆದರೆ ಜಪಾನಿನ ‘ಟಾಂಪೋಪೋ’ ನೋಡುವಾಗ ಮಾತ್ರ ಏಳಬೇಡಿ ಮಿತ್ರರೇ!

1985ರ ಈ ಚಿತ್ರದ ನಿರ್ದೇಶಕ ಜೂಜೋ ಇತಾಮಿ. ನಾಯಕಿ ಅವರ ಪತ್ನಿ ನೊಬುಕೊ ಮಿಯಾಮೊಟೊ. ನೂಡಲ್ಸ್ ಅಂಗಡಿ ನಡೆಸಲು ಒದ್ದಾಡುವ ವಿಧವೆ, ಅವಳ ನೆರವಿಗೆ ನಿಲ್ಲುವ ಲಾರಿ ಡ್ರೈವರ್... ಇದು ಕತೆ. ನಡುನಡುವೆ ಊಟದ್ದೇ ಬೇರೆ ತುಣುಕುಗಳು. ಒಂದರಲ್ಲಿ, ಸಾಯುತ್ತಿರುವ ತಾಯಿ ಗಂಡನ ಕೂಗಿಗೆ ಎದ್ದು, ಅನ್ನ ಹುರಿದು ಬಡಿಸಿ, ಮಕ್ಕಳು ಉಣ್ಣುವುದನ್ನು ನೋಡಿ ನಕ್ಕು ಪ್ರಾಣ ಬಿಡುತ್ತಾಳೆ. ಅಬ್ಬಾ!

ಕೊನೆಗೆ ಬರುತ್ತೆ ನೋಡಿ ಆ ದೃಶ್ಯ. ಪಾರ್ಕಿನ ಬೆಂಚಿನ ಮೇಲೆ ತಾಯಿಯೊಬ್ಬಳು ಮಗುವಿಗೆ ಹಾಲೂಡುತ್ತಿದ್ದಾಳೆ. ಕ್ಯಾಮೆರಾ ಮೆಲ್ಲಗೆ ಹತ್ತಿರ ಹೋಗುತ್ತದೆ. ಡೈಲಾಗ್ ಇಲ್ಲ, ಫೈಟ್ ಇಲ್ಲ. ಹೆಸರುಗಳು ಓಡುತ್ತಲೇ ಇವೆ, ಮಗು ಕುಡಿಯುತ್ತಲೇ ಇದೆ.

ನನ್ನ ಪಕ್ಕದ ಗೆಳೆಯ ಸಿಳ್ಳೆ ಹಾಕಲು ಬೆರಳು ಬಾಯಿಗಿಟ್ಟಿದ್ದ. ಸಿಳ್ಳೆ ಬರಲೇ ಇಲ್ಲ. ಬೆರಳು ಬಾಯಲ್ಲೇ ಉಳೀತು, ಥೇಟ್ ಮಗುವಿನ ಹಾಗೆ!

ಜಪಾನಿ ಮಕ್ಕಳ ಮಾತಲ್ಲಿ ‘ಒಪ್ಪಾಯ್’ ಅಂದ್ರೆ ಮೊಲೆಯೂ ಹೌದು, ಹಾಲೂ ಹೌದು. ಮೀಸೆ ಬಂದ ಮೇಲೆ ನಾವು ಮೊದಲನೆಯದನ್ನೇ ನೋಡ್ತೀವಿ, ಎರಡನೆಯದನ್ನು ಮರೀತೀವಿ. 1997ರಲ್ಲಿ ತೀರಿಕೊಂಡ ಇತಾಮಿ, ಸುಮಾರು ಎರಡು ಗಂಟೆ ಬಗೆಬಗೆ ಊಟ ತೋರಿಸಿ, ನಾವೆಲ್ಲ ಮೊದಲು ಉಂಡದ್ದು ಯಾವುದು ಅಂತ ನೆನಪಿಸಿಬಿಟ್ಟರು.

ಹೊರಗೆ ಬಂದ ಗೆಳೆಯ ಕೇಳಿದ್ದು ಒಂದೇ ಮಾತು: “ನಮ್ಮೂರಿಗೆ ಕೊನೇ ಬಸ್ ಎಷ್ಟೊತ್ತಿಗೋ?”